ಫ್ರಾಂಕ್‌ಫರ್ಟ್–ಲಿಸ್ಬನ್: ವಿಮಾನದ ದೂರ ಎಷ್ಟು, ಹಾರಾಟ ಎಷ್ಟು ಹೊತ್ತು? ಲೆಕ್ಕ ಹಾಕುವ ಪೂರ್ತಿ ವಿಧಾನ

ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ ನೇರ ದೂರ 1,874 ಕಿ.ಮೀ. ಹೋಗುವಾಗ ಸುಮಾರು 3 ಗಂಟೆ 5–10 ನಿಮಿಷ, ಬರುವಾಗ ಸುಮಾರು 2 ಗಂಟೆ 55 ನಿಮಿಷ. ಅವಸರದಲ್ಲಿರುವವರಿಗೆ ಇಷ್ಟು ಸಾಕು.

ಆದರೆ ಜಾಲದಲ್ಲಿ ಹುಡುಕಿದವರಿಗೆ ತಲೆ ಕೆಡುತ್ತದೆ. ಒಂದು ಪುಟ 2 ಗಂಟೆ 35 ನಿಮಿಷ ಅನ್ನುತ್ತದೆ, ಇನ್ನೊಂದು 3 ಗಂಟೆ 10 ನಿಮಿಷ ಅನ್ನುತ್ತದೆ. ಟಿಕೆಟ್ಟಿನಲ್ಲಿರುವ ಹೊರಡುವ ಹೊತ್ತು, ತಲುಪುವ ಹೊತ್ತು ಕಳೆದು ನೋಡಿದರೆ ಎರಡು ಗಂಟೆಯೇ ಬರುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದು ಆಕಾಶದಲ್ಲಿರುವ ಸಮಯ, ಇನ್ನೊಂದು ಗೇಟ್‌ನಿಂದ ಗೇಟ್‌ವರೆಗಿನ ಸಮಯ, ಮೂರನೆಯದು ಬರೀ ಗಡಿಯಾರದ ಮುಳ್ಳಿನ ಆಟ. ಯಾವ ಕೆಲಸಕ್ಕೆ ಯಾವ ಅಂಕಿ ಎಂದು ತಿಳಿದರೆ ಯುರೋಪಿನ ಯಾವ ಎರಡು ನಿಲ್ದಾಣಗಳಿಗೂ ಈ ಲೆಕ್ಕವನ್ನು ಕೂತಲ್ಲೇ ಮಾಡಬಹುದು.

ಉದಾಹರಣೆಗೆ ಈ ಜೋಡಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ದಾರಿ ಪಶ್ಚಿಮದ ಕಡೆಗಿರುವುದರಿಂದ ಎದುರುಗಾಳಿ ಸಿಗುತ್ತದೆ, ನಡುವೆ ಒಂದು ಗಂಟೆಯ ಕಾಲಮಾನದ ವ್ಯತ್ಯಾಸವಿದೆ, ಒಂದು ನಿಲ್ದಾಣ ದೈತ್ಯ, ಇನ್ನೊಂದು ಒಂದೇ ರನ್‌ವೇಯಲ್ಲಿ ಉಸಿರುಗಟ್ಟುತ್ತಿರುವುದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇರುವುದರಿಂದ ಪೋರ್ಚುಗಲ್‌ಗೆ ಹೋಗುವ ಕನ್ನಡಿಗರಲ್ಲೂ ಹಲವರು ಹಿಡಿಯುವ ದಾರಿ ಇದೇ.

ಹೆಜ್ಜೆ 1: ನಿಲ್ದಾಣ ಯಾವುದೆಂದು ಮೊದಲು ಖಚಿತ ಮಾಡಿಕೊಳ್ಳಿ

ಊರಿನ ಹೆಸರಿನಿಂದ ದೂರ ಅಳೆಯಬೇಡಿ, ನಿಲ್ದಾಣದ ಮೂರಕ್ಷರದ ಸಂಕೇತದಿಂದ ಅಳೆಯಿರಿ. ಫ್ರಾಂಕ್‌ಫರ್ಟ್‌ನ ಮುಖ್ಯ ನಿಲ್ದಾಣದ ಸಂಕೇತ ಎಫ್‌ಆರ್‌ಎ, ಲಿಸ್ಬನ್‌ನದು ಎಲ್‌ಐಎಸ್. ‘ಫ್ರಾಂಕ್‌ಫರ್ಟ್ ಹಾನ್’ ಎಂಬ ಹೆಸರಿನ ಇನ್ನೊಂದು ನಿಲ್ದಾಣವಿದೆ, ಸಂಕೇತ ಎಚ್‌ಎಚ್‌ಎನ್. ಅಗ್ಗದ ವಿಮಾನಗಳು ಬಳಸುವ ಈ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ ರಸ್ತೆಯಲ್ಲಿ ಸುಮಾರು 120 ಕಿ.ಮೀ. ದೂರ. ಬೆಂಗಳೂರಿನ ಟಿಕೆಟ್ ಅಂದುಕೊಂಡು ಹಾಸನದಲ್ಲಿ ಇಳಿದ ಹಾಗೆ.

ಲಿಸ್ಬನ್‌ನಲ್ಲಿ ಈ ಗೊಂದಲವಿಲ್ಲ. 2016ರಿಂದ ಹುಂಬೆರ್ತೊ ದೆಲ್ಗಾದೊ ಹೆಸರು ಹೊತ್ತಿರುವ ಒಂದೇ ನಿಲ್ದಾಣ, ಊರ ನಡುವಿನಿಂದ ಏಳು ಕಿ.ಮೀ. ಅಷ್ಟೇ. ಅಲ್ಕೊಶೆತ್‌ನಲ್ಲಿ ಹೊಸ ನಿಲ್ದಾಣ ಕಟ್ಟಲು 2024ರಲ್ಲಿ ತೀರ್ಮಾನವಾಗಿದೆ. ಅದು ಬಂದ ಮೇಲೆ ಈ ಲೆಕ್ಕ ತುಸು ಬದಲಾಗುತ್ತದೆ.

ಹೆಜ್ಜೆ 2: ನೇರ ದೂರ

ಭೂಮಿ ಗುಂಡಗಿರುವುದರಿಂದ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಒಂದು ಕಮಾನು. ಇದಕ್ಕೆ ಮಹಾವೃತ್ತದ ದೂರ ಎಂದು ಹೆಸರು. ಗ್ರೇಟ್ ಸರ್ಕಲ್ ಮ್ಯಾಪರ್‌ನಂಥ ತಾಣದಲ್ಲಿ ಎರಡು ಸಂಕೇತ ಹಾಕಿದರೆ ಉತ್ತರ ತಕ್ಷಣ ಬರುತ್ತದೆ. ಕೈಯಲ್ಲೇ ಮಾಡಿ ನೋಡಬೇಕೆನ್ನುವವರಿಗೆ ಫೋನಿನ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಸಾಕು.

ಬೇಕಾದ ಅಂಕಿಗಳು ಇವು:

ಫ್ರಾಂಕ್‌ಫರ್ಟ್: ಅಕ್ಷಾಂಶ 50.033 ಉತ್ತರ, ರೇಖಾಂಶ 8.571 ಪೂರ್ವ
ಲಿಸ್ಬನ್: ಅಕ್ಷಾಂಶ 38.774 ಉತ್ತರ, ರೇಖಾಂಶ 9.134 ಪಶ್ಚಿಮ, ಅಂದರೆ −9.134

ಇನ್ನು ಹೀಗೆ ಮಾಡಿ:

1. ಅಕ್ಷಾಂಶಗಳ ವ್ಯತ್ಯಾಸ 11.259°. ಅದರ ಅರ್ಧ 5.63°. ಅದರ ಸೈನ್ (ಕ್ಯಾಲ್ಕ್ಯುಲೇಟರಿನ sin ಗುಂಡಿ) ತೆಗೆದು ವರ್ಗ ಮಾಡಿದರೆ 0.00962.
2. ರೇಖಾಂಶಗಳ ವ್ಯತ್ಯಾಸ 8.571 − (−9.134) = 17.705°. ಅರ್ಧ 8.85°. ಅದರ ಸೈನ್‌ನ ವರ್ಗ 0.02368.
3. ಎರಡೂ ಅಕ್ಷಾಂಶಗಳ ಕಾಸ್ (cos ಗುಂಡಿ) ತೆಗೆದು ಗುಣಿಸಿ: 0.6423 × 0.7796 = 0.5008. ಇದನ್ನು 0.02368ರಿಂದ ಗುಣಿಸಿದರೆ 0.01186.
4. ಮೊದಲನೆಯದನ್ನೂ ಮೂರನೆಯದನ್ನೂ ಕೂಡಿಸಿ: 0.02148. ವರ್ಗಮೂಲ 0.1466.
5. ಇದರ ವಿಲೋಮ ಸೈನ್ (sin⁻¹ ಗುಂಡಿ) ರೇಡಿಯನ್‌ನಲ್ಲಿ 0.1471. ಎರಡರಿಂದ ಗುಣಿಸಿ: 0.2942.
6. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ.ಯಿಂದ ಗುಣಿಸಿ: 1,874 ಕಿ.ಮೀ.

ವೈಮಾನಿಕರ ಲೆಕ್ಕದಲ್ಲಿ ಇದು 1,012 ನಾಟಿಕಲ್ ಮೈಲಿ (1,852 ಮೀಟರಿಗೆ ಒಂದು ನಾಟಿಕಲ್ ಮೈಲಿ). ಸಾಮಾನ್ಯ ಮೈಲಿಯಲ್ಲಿ 1,165. ‘1,012 ಮೈಲಿ’ ಎಂದು ಎಲ್ಲಾದರೂ ಕಂಡರೆ ಯಾವ ಮೈಲಿ ಎಂದು ಕೇಳಿಕೊಳ್ಳಿ.

ತಪ್ಪುಗಳು ಸಾಮಾನ್ಯವಾಗಿ ಮೂರು ಕಡೆ ನುಸುಳುತ್ತವೆ. ಮೊದಲನೆಯದು ಪಶ್ಚಿಮದ ಋಣ ಚಿಹ್ನೆ. ಅದನ್ನು ಮರೆತರೆ ಲಿಸ್ಬನ್ ಮೆಡಿಟರೇನಿಯನ್‌ನ ಸಾರ್ಡೀನಿಯಾ ದ್ವೀಪದ ಬಳಿ ಹೋಗಿ ಕೂರುತ್ತದೆ, ಉತ್ತರ 1,253 ಕಿ.ಮೀ. ಬರುತ್ತದೆ. ಗ್ರೀನಿಚ್ ರೇಖೆ ಯುರೋಪಿನ ಮೈಮೇಲೆಯೇ ಹಾದುಹೋಗುವುದರಿಂದ ಈ ತಪ್ಪು ಇಲ್ಲಿ ಹೆಚ್ಚು. ಬೆಂಗಳೂರು–ದೆಹಲಿ ಲೆಕ್ಕ ಮಾಡುವವರಿಗೆ ಇದು ಕಾಡುವುದೇ ಇಲ್ಲ. ಎರಡನೆಯದು ಡಿಗ್ರಿ–ಮಿನಿಟಿನ ಬರವಣಿಗೆ. ನಕ್ಷೆಯಲ್ಲಿ 50°02′ ಎಂದಿದ್ದರೆ ಅದು 50.02 ಅಲ್ಲ. ಮಿನಿಟನ್ನು 60ರಿಂದ ಭಾಗಿಸಬೇಕು, ಆಗ 50.033. ಲಿಸ್ಬನ್‌ನ 38°46′ ಅನ್ನು 38.46 ಎಂದು ಬರೆದರೆ ನಿಲ್ದಾಣ ಮೂವತ್ತು ಕಿ.ಮೀ.ಗೂ ಹೆಚ್ಚು ದಕ್ಷಿಣಕ್ಕೆ ಜಾರುತ್ತದೆ. ಮೂರನೆಯದು ಕ್ಯಾಲ್ಕ್ಯುಲೇಟರಿನ ಡಿಗ್ರಿ–ರೇಡಿಯನ್ ಗುಂಡಿ. ಐದನೇ ಹಂತದವರೆಗೆ ಡಿಗ್ರಿಯಲ್ಲಿರಲಿ, ವಿಲೋಮ ಸೈನ್ ತೆಗೆಯುವಾಗ ರೇಡಿಯನ್‌ಗೆ ಬದಲಿಸಿ.

ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಅದಕ್ಕೇ ಬೇರೆ ಬೇರೆ ತಾಣಗಳಲ್ಲಿ ಒಂದೆರಡು ಕಿ.ಮೀ. ಆಚೀಚೆ ಕಾಣುತ್ತದೆ. ಅದರ ಬಗ್ಗೆ ಜಗಳ ಬೇಡ. ರಸ್ತೆಯ ದೂರ ಮಾತ್ರ ಬೇರೆಯೇ ಲೋಕ: ಕಾರಿನಲ್ಲಿ ಹೋದರೆ ಸುಮಾರು 2,300 ಕಿ.ಮೀ.

ಹೆಜ್ಜೆ 3: ವಿಮಾನ ನಿಜಕ್ಕೂ ಹಾರುವ ದಾರಿ

ನೇರ ಗೆರೆ ಎಳೆದರೆ ವಿಮಾನ ಫ್ರಾಂಕ್‌ಫರ್ಟ್‌ನಿಂದ ನೈಋತ್ಯಕ್ಕೆ, ದಿಕ್ಸೂಚಿಯ ಸುಮಾರು 235 ಡಿಗ್ರಿಗೆ ಹೊರಡುತ್ತದೆ. ದಾರಿಯ ಸರಿಯಾದ ನಡುಬಿಂದು ಫ್ರಾನ್ಸಿನ ಬೋರ್ಡೊ ನಗರದಿಂದ ಸ್ವಲ್ಪ ಆಚೆ, ಅರ್ಕಾಶೋನ್ ಕೊಲ್ಲಿಯ ಬಳಿ ಬೀಳುತ್ತದೆ. ಅಲ್ಲಿಂದ ಬಿಸ್ಕೆ ಕೊಲ್ಲಿಯ ಮೂಲೆ ದಾಟಿ, ಬಿಲ್ಬಾವೊ ಹತ್ತಿರ ಸ್ಪೇನ್ ನೆಲಕ್ಕೆ ಬಂದು, ಪೋರ್ಚುಗಲ್‌ಗೆ ಇಳಿಯುತ್ತದೆ. ಹೋಗುವಾಗ ಎಡಗಡೆಯ ಕಿಟಕಿ ಹಿಡಿದವರಿಗೆ, ಮೋಡವಿಲ್ಲದಿದ್ದರೆ, ಪಿರೆನೀಸ್ ಪರ್ವತಸಾಲು ಸಿಗುತ್ತದೆ.

ಆದರೆ ಯಾವ ವಿಮಾನವೂ ಗೆರೆ ಎಳೆದ ಹಾಗೆ ಹಾರುವುದಿಲ್ಲ. ಗಾಳಿ ಬೀಸುವ ದಿಕ್ಕಿಗೆ ತಕ್ಕ ರನ್‌ವೇಯಿಂದ ಏರಬೇಕು, ಸೇನೆ ಕಾದಿರಿಸಿದ ವಾಯುಪ್ರದೇಶ ಸುತ್ತಬೇಕು, ದಟ್ಟಣೆ ಇರುವ ಕಡೆ ಬಳಸಿ ಹೋಗಬೇಕು. ಲಿಸ್ಬನ್‌ನ ಕಥೆ ಇನ್ನೂ ವಿಶೇಷ. ಅಲ್ಲಿ ಉತ್ತರದ ಗಾಳಿಯೇ ಹೆಚ್ಚು, ಹಾಗಾಗಿ ವಿಮಾನಗಳು ಬಹುಪಾಲು ದಕ್ಷಿಣದಿಂದ, ತೇಜೊ ನದಿ ದಾಟಿ, ಊರಿನ ಛಾವಣಿಗಳ ಮೇಲೆಯೇ ಬಂದು ಇಳಿಯುತ್ತವೆ. ಈಶಾನ್ಯದಿಂದ ಬಂದ ನಮ್ಮ ವಿಮಾನ ನಿಲ್ದಾಣವನ್ನು ದಾಟಿ ದಕ್ಷಿಣಕ್ಕೆ ಹೋಗಿ, ತಿರುಗಿ ಮತ್ತೆ ಉತ್ತರಕ್ಕೆ ಮುಖ ಮಾಡಬೇಕು. ಇಷ್ಟಕ್ಕೇ ನಲವತ್ತು ಐವತ್ತು ಕಿ.ಮೀ. ಹೋಯಿತು. ಕಿಟಕಿಯಲ್ಲಿ ಊರು ಕಂಡ ಮೇಲೂ ಹತ್ತು ನಿಮಿಷ ಏಕೆ ಸುತ್ತುತ್ತಿದೆ ಎಂದು ಕೇಳುವವರಿಗೆ ಇದೇ ಉತ್ತರ.

ಯುರೋಪಿನ ಒಳಗಿನ ಹಾರಾಟಗಳಿಗೆ ನೇರ ದೂರದ ಮೇಲೆ ಶೇ. 5 ಸೇರಿಸಿಕೊಂಡರೆ ಸಾಕು. 1,874ಕ್ಕೆ ಶೇ. 5 ಸೇರಿದರೆ ಸುಮಾರು 1,970 ಕಿ.ಮೀ.

ಹೆಜ್ಜೆ 4: ಆಕಾಶದಲ್ಲಿ ಎಷ್ಟು ಹೊತ್ತು

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ‘ವಿಮಾನದ ವೇಗ 830 ಕಿ.ಮೀ., ದೂರ 1,874, ಭಾಗಿಸಿದರೆ 2 ಗಂಟೆ 15 ನಿಮಿಷ’ ಎಂದು ಬರೆದುಬಿಡುತ್ತಾರೆ. ವಿಮಾನ ಬಸ್ಸಿನ ಹಾಗೆ ಗೇರ್ ಹಾಕಿದ ಕೂಡಲೇ ವೇಗ ಹಿಡಿಯುವುದಿಲ್ಲ. ದಾರಿಯನ್ನು ಮೂರು ತುಂಡು ಮಾಡಿ ನೋಡಬೇಕು.

ಏರುವುದು ಮತ್ತು ಇಳಿಯುವುದು: ಎರಡೂ ಸೇರಿ ಸುಮಾರು 45 ನಿಮಿಷ, ಅಷ್ಟರಲ್ಲಿ ಕ್ರಮಿಸುವ ದೂರ ಸುಮಾರು 430 ಕಿ.ಮೀ. ಇಲ್ಲಿ ಸರಾಸರಿ ವೇಗ 570ರ ಆಸುಪಾಸು. ದೂರ ಎಷ್ಟೇ ಇರಲಿ, ಈ ತುಂಡು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸಣ್ಣ ಹಾರಾಟಗಳ ಸರಾಸರಿ ವೇಗ ಅಷ್ಟು ಕಡಿಮೆ ಇರುವುದಕ್ಕೆ ಇದೇ ಕಾರಣ.

ನಡುವಿನ ಸಮತಲ ಹಾರಾಟ: 1,970 − 430 = 1,540 ಕಿ.ಮೀ. ಈ ಮಾರ್ಗದಲ್ಲಿ ಓಡುವುದು ಏರ್‌ಬಸ್ ಎ320 ಬಳಗದಂಥ ಜೆಟ್‌ಗಳು. 35,000 ಅಡಿಯಿಂದ ಮೇಲೆ ಇವು ಶಬ್ದದ ವೇಗದ 0.78 ಪಟ್ಟು ವೇಗದಲ್ಲಿ ಹಾರುತ್ತವೆ. ಅಷ್ಟು ಎತ್ತರದ −56 ಡಿಗ್ರಿ ಚಳಿಯಲ್ಲಿ ಶಬ್ದದ ವೇಗವೇ ಗಂಟೆಗೆ 1,062 ಕಿ.ಮೀ.ಗೆ ಇಳಿದಿರುತ್ತದೆ, ಆದ್ದರಿಂದ ವಿಮಾನದ ವೇಗ ಸುಮಾರು 830. ಗಾಳಿಯೇ ಇಲ್ಲದಿದ್ದರೆ 1,540 ಕಿ.ಮೀ.ಗೆ 111 ನಿಮಿಷ. ಏರಿಳಿತದ 45 ಸೇರಿಸಿದರೆ 156 ನಿಮಿಷ, ಅಂದರೆ 2 ಗಂಟೆ 36 ನಿಮಿಷ. ಮೊದಲಲ್ಲಿ ಹೇಳಿದ ‘2 ಗಂಟೆ 35’ ಬಂದದ್ದು ಇಲ್ಲಿಂದ.

ಈಗ ಗಾಳಿ. ಯುರೋಪಿನ ಮೇಲೆ ಆ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ. ನಮ್ಮ ದಾರಿ ನೇರ ಪಶ್ಚಿಮವಲ್ಲ, 35 ಡಿಗ್ರಿ ಓರೆ. ಹಾಗಾಗಿ ಗಾಳಿಯ ವೇಗದ ಶೇ. 82ರಷ್ಟು ಮಾತ್ರ ಎದುರಾಗಿ ಬಡಿಯುತ್ತದೆ (35 ಡಿಗ್ರಿಯ ಕಾಸ್ 0.82). ಗಾಳಿ ಗಂಟೆಗೆ 85 ಕಿ.ಮೀ. ಇದ್ದರೆ ಎದುರುಗಾಳಿ 70. ನೆಲದ ಮೇಲಿನ ವೇಗ 760ಕ್ಕೆ ಇಳಿಯುತ್ತದೆ, ಸಮತಲ ಹಾರಾಟಕ್ಕೆ 122 ನಿಮಿಷ ಬೇಕು. ಒಟ್ಟು ಆಕಾಶದಲ್ಲಿ 2 ಗಂಟೆ 47 ನಿಮಿಷ. ಬರುವಾಗ ಅದೇ ಗಾಳಿ ಬೆನ್ನಿಗೆ ಬಂದು ವೇಗ 900 ಆಗುತ್ತದೆ, 103 ನಿಮಿಷ ಸಾಕು, ಒಟ್ಟು 2 ಗಂಟೆ 28 ನಿಮಿಷ.

ಚಳಿಗಾಲದಲ್ಲಿ ಜೆಟ್ ಸ್ಟ್ರೀಮ್ (ಆ ಎತ್ತರದಲ್ಲಿ ಬೀಸುವ ಜೋರು ಗಾಳಿಯ ಪಟ್ಟಿ) ಈ ದಾರಿಯ ಮೇಲೆ ಬಂದು ಕೂತರೆ ಗಾಳಿ 200 ಕಿ.ಮೀ. ತಲುಪಬಹುದು. ಆಗ ಎದುರುಗಾಳಿ 164, ನೆಲದ ವೇಗ 666, ಸಮತಲ ಹಾರಾಟಕ್ಕೇ 139 ನಿಮಿಷ. ಗಾಳಿಯಿಲ್ಲದ ದಿನಕ್ಕಿಂತ 28 ನಿಮಿಷ ಹೆಚ್ಚು. ಬರುವಾಗ ಅದೇ ಗಾಳಿ ಉಳಿಸಿಕೊಡುವುದು 18 ನಿಮಿಷ ಮಾತ್ರ. ಹೋಗುವಾಗ ಕಳೆದದ್ದು ಬರುವಾಗ ಸರಿಹೋಗುತ್ತದೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು: ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ, ಬೆನ್ನುಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ. ಹಾಗಾಗಿ ಗಾಳಿ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಯಾವಾಗಲೂ ಹೆಚ್ಚು.

ಹೆಜ್ಜೆ 5: ಗೇಟ್‌ನಿಂದ ಗೇಟ್‌ಗೆ

ಟಿಕೆಟ್ಟಿನಲ್ಲಿ ‘ಹೊರಡುವ ಸಮಯ’ ಎಂದರೆ ವಿಮಾನ ಗೇಟ್ ಬಿಟ್ಟು ಹಿಂದಕ್ಕೆ ಸರಿಯುವ ಹೊತ್ತು, ನೆಲ ಬಿಡುವ ಹೊತ್ತಲ್ಲ. ‘ತಲುಪುವ ಸಮಯ’ ಎಂದರೆ ಆ ಕಡೆಯ ಗೇಟ್‌ನಲ್ಲಿ ಬಂದು ನಿಲ್ಲುವ ಹೊತ್ತು.

ಫ್ರಾಂಕ್‌ಫರ್ಟ್‌ನಲ್ಲಿ ನಾಲ್ಕು ರನ್‌ವೇಗಳಿವೆ. ಹೊರಡುವಾಗ ನೆಲದ ಮೇಲೆ ಓಡಾಟ, ಸರದಿ ಸೇರಿ 15 ನಿಮಿಷ ಹಿಡಿಯಿರಿ. ಬಂದಿಳಿಯುವಾಗ ಯಾವ ರನ್‌ವೇ ಸಿಕ್ಕಿತು ಎನ್ನುವುದು ಅದೃಷ್ಟ. 2011ರಲ್ಲಿ ಶುರುವಾದ ವಾಯವ್ಯ ರನ್‌ವೇ ಇಳಿಯುವುದಕ್ಕೆ ಮಾತ್ರ ಇರುವಂಥದ್ದು. ಅಲ್ಲಿ ಇಳಿದರೆ ವಿಮಾನ ಹೆದ್ದಾರಿ ಮತ್ತು ರೈಲು ಹಳಿಯ ಮೇಲಿನ ಸೇತುವೆ ದಾಟಿಕೊಂಡು ಟರ್ಮಿನಲ್‌ಗೆ ಬರಬೇಕು. ಸರಾಸರಿ 10 ನಿಮಿಷ ಇಟ್ಟುಕೊಳ್ಳಿ. ಲಿಸ್ಬನ್‌ನಲ್ಲಿ ಇಳಿದ ಮೇಲೆ ಗೇಟ್ ಹತ್ತಿರ, 7 ನಿಮಿಷ ಸಾಕು. ಹೊರಡುವಾಗ ಮಾತ್ರ ಒಂದೇ ರನ್‌ವೇಗೆ ಎಲ್ಲರೂ ಕಾಯಬೇಕು, 14 ನಿಮಿಷ.

ಹೋಗುವಾಗ: 15 + 167 + 7 = 189 ನಿಮಿಷ, 3 ಗಂಟೆ 9 ನಿಮಿಷ.
ಬರುವಾಗ: 14 + 148 + 10 = 172 ನಿಮಿಷ, 2 ಗಂಟೆ 52 ನಿಮಿಷ.

ವೇಳಾಪಟ್ಟಿಯಲ್ಲಿ ಕಾಣುವ ಅಂಕಿಗಳು ಇದರ ಆಸುಪಾಸಿನಲ್ಲೇ ಇರುತ್ತವೆ. ಕಂಪನಿಗಳು ಇದರ ಮೇಲೆ ತಡವಾದರೆ ಇರಲಿ ಎಂದು ಸ್ವಲ್ಪ ಹೆಚ್ಚುವರಿ ಸಮಯವನ್ನೂ ಸೇರಿಸುತ್ತವೆ. ಹತ್ತು ನಿಮಿಷ ತಡವಾಗಿ ಹೊರಟ ವಿಮಾನ ಸರಿಯಾದ ಹೊತ್ತಿಗೇ ಮುಟ್ಟುವುದು ಪೈಲಟ್ ಜೋರಾಗಿ ಓಡಿಸಿದ್ದರಿಂದಲ್ಲ, ಈ ಗಂಟಿನಿಂದ.

ಹೆಜ್ಜೆ 6: ಗಡಿಯಾರ

ಪೋರ್ಚುಗಲ್ ಗಡಿಯಾರ ಜರ್ಮನಿಗಿಂತ ಒಂದು ಗಂಟೆ ಹಿಂದೆ. ಯುರೋಪಿನ ಒಕ್ಕೂಟದಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಎಲ್ಲರೂ ಒಂದೇ ಗಳಿಗೆಯಲ್ಲಿ ಗಡಿಯಾರ ತಿರುಗಿಸುವುದರಿಂದ ಈ ವ್ಯತ್ಯಾಸ ವರ್ಷವಿಡೀ ಬದಲಾಗುವುದಿಲ್ಲ. ಬೆಳಿಗ್ಗೆ 9:00ಕ್ಕೆ ಹೊರಟರೆ 3 ಗಂಟೆ 9 ನಿಮಿಷ ಹಾರಿಯೂ ಲಿಸ್ಬನ್ ಗಡಿಯಾರದಲ್ಲಿ 11:09. ಅಲ್ಲಿಂದ 12:00ಕ್ಕೆ ಹೊರಟರೆ ಫ್ರಾಂಕ್‌ಫರ್ಟ್‌ನಲ್ಲಿ 15:52. ಹೋಗುವುದು ಎರಡು ಗಂಟೆ, ಬರುವುದು ನಾಲ್ಕು ಗಂಟೆ ಎಂದು ಕಾಣುವುದು ಇದರಿಂದಲೇ. ನಿಯಮ ಸರಳ: ತಲುಪುವ ಊರಿನ ಹೊತ್ತನ್ನು ಹೊರಟ ಊರಿನ ಹೊತ್ತಿಗೆ ಬದಲಿಸಿಕೊಂಡು ಆಮೇಲೆ ಕಳೆಯಿರಿ.

ಭಾರತದ ಗಡಿಯಾರ ಮಾತ್ರ ತಿರುಗುವುದಿಲ್ಲ. ಮನೆಗೆ ಫೋನ್ ಮಾಡುವವರು ನೆನಪಿಟ್ಟುಕೊಳ್ಳಿ: ಲಿಸ್ಬನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಫ್ರಾಂಕ್‌ಫರ್ಟ್ ನಾಲ್ಕೂವರೆ ಮತ್ತು ಮೂರೂವರೆ.

ಒಂದು ಅಡ್ಡದಾರಿ

ಇಷ್ಟೆಲ್ಲ ಬೇಡ ಎನ್ನುವವರಿಗೆ: ನೇರ ದೂರವನ್ನು 800ರಿಂದ ಭಾಗಿಸಿ, 40 ನಿಮಿಷ ಸೇರಿಸಿ. ಪಶ್ಚಿಮಕ್ಕೆ ಉದ್ದ ಹಾರಾಟವಾದರೆ ಐದ್ಹತ್ತು ನಿಮಿಷ ಕೂಡಿಸಿ, ಪೂರ್ವಕ್ಕಾದರೆ ಅಷ್ಟೇ ಕಳೆಯಿರಿ. 1,874 ÷ 800 = 2 ಗಂಟೆ 21 ನಿಮಿಷ, 40 ಸೇರಿ 3 ಗಂಟೆ 1 ನಿಮಿಷ. ಲಂಡನ್ ಹೀಥ್ರೂ–ಅಥೆನ್ಸ್‌ನ ಸುಮಾರು 2,425 ಕಿ.ಮೀ.ಗೆ 3 ಗಂಟೆ 42 ನಿಮಿಷ, ಫ್ರಾಂಕ್‌ಫರ್ಟ್–ಮ್ಯೂನಿಕ್‌ನ 300 ಕಿ.ಮೀ.ಗೆ ಒಂದು ಗಂಟೆ ಚಿಲ್ಲರೆ. ಎರಡೂ ವೇಳಾಪಟ್ಟಿಗೆ ಹತ್ತಿರ.

ಕೈಕೊಡುವ ಜಾಗಗಳೂ ಇವೆ. ಹೀಥ್ರೂ–ಪ್ಯಾರಿಸ್ ಷಾರ್ಲ್ ದ ಗೋಲ್ 350 ಕಿ.ಮೀ.ಗೂ ಕಡಿಮೆ, ಸೂತ್ರ 66 ನಿಮಿಷ ಹೇಳುತ್ತದೆ. ಎರಡೂ ಕಡೆಯ ದಟ್ಟಣೆಯಿಂದ ವೇಳಾಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಇಟ್ಟಿರುತ್ತಾರೆ. ಎಟಿಆರ್‌ನಂಥ ಪಂಖದ ವಿಮಾನವಾದರೆ 800ರ ಬದಲು 500 ಹಾಕಬೇಕು. ಇನ್ನು ಸ್ಕಾಟ್ಲೆಂಡ್‌ನ ಆರ್ಕ್ನಿಯಲ್ಲಿ ವೆಸ್ಟ್ರೆ–ಪಾಪಾ ವೆಸ್ಟ್ರೆ ದ್ವೀಪಗಳ ನಡುವೆ 2.8 ಕಿ.ಮೀ.ಯ ವಿಮಾನಯಾನವಿದೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷ, ದಾಖಲೆ 53 ಸೆಕೆಂಡ್. ಅಲ್ಲಿ ಯಾವ ಸೂತ್ರವೂ ನಡೆಯದು.

ಹೆಜ್ಜೆ 7: ನಿಜದ ಜೊತೆ ತಾಳೆ ನೋಡಿ

ನಿಮ್ಮ ವಿಮಾನದ ಸಂಖ್ಯೆಯನ್ನು ವಿಮಾನಗಳ ಜಾಡು ತೋರಿಸುವ ತಾಣ ಫ್ಲೈಟ್‌ರಾಡಾರ್24ನಲ್ಲಿ ಹಾಕಿ, ಹಿಂದಿನ ಒಂದು ವಾರದ ಹಾರಾಟಗಳನ್ನು ನೋಡಿ. ಅಲ್ಲಿ ಹಾರಾಟದ ಸಮಯ ಎಂದು ತೋರಿಸುವುದು ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ. ಅದನ್ನು ಟಿಕೆಟ್ಟಿನ ಸಮಯದ ಜೊತೆ ಹೋಲಿಸಿ ‘ಬೇಗ ಬರುತ್ತದೆ’ ಎಂದು ಹಿಗ್ಗಬೇಡಿ, ನಾಲ್ಕನೇ ಹೆಜ್ಜೆಯ ಅಂಕಿಯ ಜೊತೆ ಹೋಲಿಸಿ. ಏಳು ದಿನದ ಸಮಯಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ. ಸರಾಸರಿ ತೆಗೆದರೆ ಒಂದು ಕೆಟ್ಟ ದಿನ ಇಡೀ ಲೆಕ್ಕ ಕೆಡಿಸುತ್ತದೆ.

ಕೆಟ್ಟ ದಿನ ಏಕೆ ಬರುತ್ತದೆ? ಈ ಮಾರ್ಗ ಫ್ರಾನ್ಸನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಅಲ್ಲಿನ ವಾಯು ಸಂಚಾರ ನಿಯಂತ್ರಕರು ಮುಷ್ಕರ ಹೂಡಿದರೆ, ಫ್ರಾನ್ಸಿನಲ್ಲಿ ಇಳಿಯದ ವಿಮಾನಗಳಿಗೂ ಬಿಸಿ ಮುಟ್ಟುತ್ತದೆ. ದಟ್ಟಣೆ ಮಿತಿ ಮೀರಿದಾಗ ಬ್ರಸೆಲ್ಸ್‌ನ ಯುರೋಕಂಟ್ರೋಲ್ (ಯುರೋಪಿನ ವಾಯು ಸಂಚಾರವನ್ನು ಹೊಂದಿಸುವ ಸಂಸ್ಥೆ) ಪ್ರತಿ ವಿಮಾನಕ್ಕೂ ನೆಲ ಬಿಡುವ ಹೊತ್ತನ್ನು ಗೊತ್ತು ಮಾಡುತ್ತದೆ. ಅದಕ್ಕಿಂತ 5 ನಿಮಿಷ ಮುಂಚೆಯಿಂದ 10 ನಿಮಿಷ ನಂತರದೊಳಗೆ ಏರಲೇಬೇಕು. ತಪ್ಪಿದರೆ ಹೊಸ ಹೊತ್ತಿಗಾಗಿ ಕಾಯಬೇಕು. ಎಲ್ಲರೂ ಹತ್ತಿ ಕೂತ ಮೇಲೂ ವಿಮಾನ ಗೇಟ್‌ನಲ್ಲೇ ಅರ್ಧ ಗಂಟೆ ನಿಂತಿದ್ದರೆ ಬಹುತೇಕ ಕಾರಣ ಇದು.

ದೂರವೇ ದುಡ್ಡಾಗುವ ಕಡೆ

ನೇರ ದೂರ ಬರೀ ಕುತೂಹಲದ ಅಂಕಿ ಅಲ್ಲ. ಯುರೋಪಿನ ಒಕ್ಕೂಟದ 2004ರ 261ನೇ ನಿಯಮದಲ್ಲಿ ವಿಮಾನ ತಡವಾದರೆ ಕಂಪನಿ ಕೊಡಬೇಕಾದ ಪರಿಹಾರದ ಮೊತ್ತ ನಿಂತಿರುವುದೇ ಮಹಾವೃತ್ತದ ದೂರದ ಮೇಲೆ. 1,500 ಕಿ.ಮೀ.ವರೆಗೆ 250 ಯೂರೊ, ಒಕ್ಕೂಟದೊಳಗೆ ಅದಕ್ಕಿಂತ ಹೆಚ್ಚಾದರೆ 400 ಯೂರೊ. ಫ್ರಾಂಕ್‌ಫರ್ಟ್–ಲಿಸ್ಬನ್ 1,874 ಆದ್ದರಿಂದ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ 400. ತಲುಪಿದ ಹೊತ್ತು ಎಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ಒಂದು ಬಾಗಿಲಾದರೂ ತೆರೆದದ್ದು, ಎಂದು ಯುರೋಪಿನ ನ್ಯಾಯಾಲಯ 2014ರಲ್ಲಿ ಹೇಳಿದೆ. ತಡವಾದಾಗ ಬಾಗಿಲು ತೆರೆದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಕೆಟ್ಟ ಹವೆ, ನಿಯಂತ್ರಕರ ಮುಷ್ಕರದಂಥ ಕಂಪನಿಯ ಕೈಮೀರಿದ ಕಾರಣಕ್ಕೆ ಈ ದುಡ್ಡು ಸಿಗುವುದಿಲ್ಲ.

ಬೆಂಗಳೂರಿನಿಂದ ಒಂದೇ ಬುಕಿಂಗ್‌ನಲ್ಲಿ ಹೋಗುವವರಿಗೆ ಲೆಕ್ಕ ಬೇರೆ. ಬೆಂಗಳೂರು–ಫ್ರಾಂಕ್‌ಫರ್ಟ್ ಸುಮಾರು 7,400, ಅದಕ್ಕೆ 1,874 ಸೇರಿಸಿ 9,274 ಎಂದು ಹಿಡಿಯುವಂತಿಲ್ಲ. ಮೊದಲು ಹೊರಟ ಊರಿನಿಂದ ಕೊನೆಯ ಊರಿಗೆ ನೇರ ದೂರ ಅಳೆಯಬೇಕು ಎಂದು 2017ರ ತೀರ್ಪು. ಅದು ಸುಮಾರು 8,820 ಕಿ.ಮೀ. ಹೇಗಿದ್ದರೂ 3,500 ದಾಟಿರುವುದರಿಂದ 600 ಯೂರೊ ವರ್ಗ. ಆದರೆ ಭಾರತದಿಂದ ಹೊರಡುವಾಗ ಈ ನಿಯಮ ಅನ್ವಯಿಸುವುದು ಯುರೋಪಿನ ಒಕ್ಕೂಟದ ಕಂಪನಿಯ ವಿಮಾನವಾದರೆ ಮಾತ್ರ.

ಬೆಂಗಳೂರಿನಿಂದ ಹೋಗುವವರು ನೋಡಿಕೊಳ್ಳಬೇಕಾದ ಇನ್ನೊಂದು ಸಮಯವಿದೆ. ಜರ್ಮನಿ, ಪೋರ್ಚುಗಲ್ ಎರಡೂ ಶೆಂಗೆನ್ ದೇಶಗಳು, ಅಂದರೆ ತಮ್ಮ ನಡುವೆ ಪಾಸ್‌ಪೋರ್ಟ್ ತಪಾಸಣೆ ಇಟ್ಟುಕೊಳ್ಳದ ಗುಂಪಿನವು. ಆದ್ದರಿಂದ ಪಾಸ್‌ಪೋರ್ಟ್ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲೇ ಆಗುತ್ತದೆ, ಲಿಸ್ಬನ್‌ನಲ್ಲಿ ಇಳಿದವರು ಊರೊಳಗಿನ ವಿಮಾನದಿಂದ ಇಳಿದ ಹಾಗೆ ನೇರ ಲಗೇಜ್ ಕಡೆ ಹೋಗಬಹುದು. ಭಾರತದಿಂದ ಬಂದವರಿಗೆ ಫ್ರಾಂಕ್‌ಫರ್ಟ್‌ನಲ್ಲಿ ಬ್ಯಾಗಿನ ಭದ್ರತಾ ತಪಾಸಣೆಯೂ ಇನ್ನೊಮ್ಮೆ ಆಗುತ್ತದೆ. ನೀರಿನ ಬಾಟಲಿ, ಉಪ್ಪಿನಕಾಯಿ ಡಬ್ಬಿ ಕೈಬ್ಯಾಗಿನಲ್ಲಿದ್ದರೆ ಅಲ್ಲೇ ಬಿಟ್ಟು ಬರಬೇಕಾಗಬಹುದು. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಹಂತ ಹಂತವಾಗಿ ಬಂದಿದೆ. ಎರಡು ವಿಮಾನಗಳ ನಡುವೆ ಎರಡು ಗಂಟೆಗಿಂತ ಕಡಿಮೆ ಇದ್ದರೆ ನಾವಾದರೆ ಆ ಟಿಕೆಟ್ ತೆಗೆದುಕೊಳ್ಳುವುದಿಲ್ಲ.

ವಾಪಸು ಬರುವ ಸಂಜೆಯ ವಿಮಾನ

ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 23:00ರಿಂದ ಬೆಳಿಗ್ಗೆ 5:00ರವರೆಗೆ ವಿಮಾನ ಸಂಚಾರಕ್ಕೆ ನಿಷೇಧವಿದೆ. ಹೊರಡುವುದು ತಡವಾದ ವಿಮಾನಕ್ಕೆ ಅನುಮತಿ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ; ತಡವಾಗಿ ಬಂದಿಳಿಯುವ ವಿಮಾನಕ್ಕೆ ಸಾಮಾನ್ಯವಾಗಿ 24:00ರವರೆಗೆ ವಿನಾಯಿತಿ ಇದೆ. ಈಗ ಹಿಂದಿನಿಂದ ಲೆಕ್ಕ ಹಾಕಿ. 24:00ಕ್ಕೆ ನೆಲ ಮುಟ್ಟಬೇಕಾದರೆ 2 ಗಂಟೆ 28 ನಿಮಿಷ ಮುಂಚೆ ಲಿಸ್ಬನ್‌ನಲ್ಲಿ ನೆಲ ಬಿಡಬೇಕು, ಅದಕ್ಕೂ 14 ನಿಮಿಷ ಮುಂಚೆ ಗೇಟ್ ಬಿಡಬೇಕು. ಜರ್ಮನಿಯ ಗಡಿಯಾರದಲ್ಲಿ ಅದು 21:18, ಲಿಸ್ಬನ್ ಗಡಿಯಾರದಲ್ಲಿ 20:18. ಸಂಜೆ ಆರೂವರೆಗೆ ಹೊರಡಬೇಕಾದ ವಿಮಾನ ಎಂಟು ಗಂಟೆಗೂ ಗೇಟ್‌ನಲ್ಲೇ ಇದ್ದರೆ ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ. ಅದು ರದ್ದಾಗಬಹುದು, ಇಲ್ಲವೇ ರಾತ್ರಿಯಿಡೀ ತೆರೆದಿರುವ ಕಲೋನ್–ಬಾನ್‌ಗೋ, ಮೊದಲ ಹೆಜ್ಜೆಯಲ್ಲಿ ಹೇಳಿದ ಹಾನ್‌ಗೋ ಹೋಗಿ ಇಳಿಯಬಹುದು.